ಹುಳುಮನೆಯಿಂದ ಹೊರಗಾದ ಅಕ್ಕ

ಬರುವ ತಿಂಗಳಿಗೆ ಅಕ್ಕ ತೀರಿಕೊಂಡು ಒಂದು ವರ್ಷವಾಗುತ್ತದೆ. ಅಕ್ಕ ಅಂದರೆ ನನ್ನ ಒಡಹುಟ್ಟಿದವಳಲ್ಲ, ನನ್ನ ಗಂಡನ ಅಣ್ಣನ ಹೆಂಡತಿ, ನನಗೆ ಓರಗಿತ್ತಿ. ಮದುವೆಯಾಗಿ ಆ ಮನೆಗೆ ಹೋದ ದಿನದಿಂದ ಅಕ್ಕ ಎಂದೇ ಕರೆದೆ. ಅವಳಿಗೆ ನಾನು ಒಂದು ಮಾತು ಹೇಳಬೇಕಿತ್ತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಜೊತೆಯಲ್ಲೇ ಬದುಕಿ, ಒಂದೇ ಬಾವಿಯ ನೀರು ಸೇದಿ, ಅದನ್ನು ಹೇಳದೆ ಅವಳನ್ನು ಮಣ್ಣು ಮಾಡಿ ಬಂದೆ.

ಅವಳು ಹೋದ ಮೇಲೆ ನನಗೆ ಕೆಲಸದ ಮೇಲೆ ಮನಸ್ಸು ನಿಲ್ಲುತ್ತಿರಲಿಲ್ಲ. ನಮ್ಮೂರ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಮೇಡಂ ಒಬ್ಬರಿದ್ದಾರೆ. ಅವರು ಒಂದು ಸಲಹೆ ಕೊಟ್ಟರು. ಬೆಳಿಗ್ಗೆ ಕೆಲಸಕ್ಕೆ ಕೈ ಹಚ್ಚುವ ಮೊದಲು ಸ್ವಲ್ಪ ಹೊತ್ತು ಸುಮ್ಮನೆ ಕೂತು, ಮಾಡಿದ್ದನ್ನೂ ಮಾಡದೆ ಬಿಟ್ಟದ್ದನ್ನೂ ನೋಡಿಕೊಳ್ಳಬೇಕು. ದೇವರನ್ನು ಏನೂ ಕೇಳಬಾರದು, ಯಾರಿಗೂ ಹೇಳಬೇಕಾಗಿಲ್ಲ, ನೋಡಿಕೊಂಡರೆ ಸಾಕು. ಸುಲಭದ ಕೆಲಸ ಅನ್ನಿಸಿತು. ಕೂತೆ. ಮೊದಲ ಕೆಲವು ವಾರಗಳಲ್ಲಿ ನನಗೆ ಗೊತ್ತಾದದ್ದು ಇಷ್ಟೇ: ನನ್ನನ್ನು ನೋಡಿಕೊಳ್ಳಲು ಕೂತಾಗಲೆಲ್ಲ ನಾನು ನನ್ನ ಪರವಾಗಿ ವಾದ ಮಾಡುತ್ತಿದ್ದೆ. ಆಗ ನಾನು ಚಿಕ್ಕವಳು, ಅತ್ತೆ ಜೋರು, ನನ್ನನ್ನು ಯಾರೂ ಕೇಳಲೇ ಇಲ್ಲ, ರೇಷ್ಮೆ ಹುಳ ಸತ್ತದ್ದು ನನ್ನಿಂದಲ್ಲ. ಎಲ್ಲವೂ ನಿಜವೇ. ನಿಜವಾದ ಮಾತುಗಳನ್ನೇ ಜೋಡಿಸಿಕೊಂಡು ಅವುಗಳ ಹಿಂದೆ ಅಡಗಿ ಕೂರಬಹುದು ಎಂಬುದು ನನಗೆ ಈ ವಯಸ್ಸಿಗೆ ತಿಳಿಯಿತು.

ನಾನು ಚನ್ನಪಟ್ಟಣದ ಕಡೆಯವಳು. ಎಸ್ಸೆಸ್ಸೆಲ್ಸಿ ಪಾಸು ಮಾಡಿ, ಸಾತನೂರಿನ ಆಚೆ ಇರುವ ಹಳ್ಳಿಗೆ ಸೊಸೆಯಾಗಿ ಹೋದೆ. ಊರೂರಿಗೂ ರೇಷ್ಮೆ ನುಗ್ಗಿದ್ದ ಕಾಲ ಅದು. ರಾಗಿ ಬೆಳೆಯುತ್ತಿದ್ದ ಹೊಲಗಳು ಹಿಪ್ಪುನೇರಳೆ ತೋಟಗಳಾಗಿದ್ದವು. ಮನುಷ್ಯರು ಮಲಗುವ ಜಾಗವನ್ನೂ ಹುಳಕ್ಕೆ ಬಿಟ್ಟುಕೊಟ್ಟು ಜಗಲಿಯಲ್ಲಿ ಮಲಗುತ್ತಿದ್ದರು. ಮದುವೆಯಾಗಿ ಹೋಗುವ ದಿನ ಸಾತನೂರಿನಲ್ಲಿ ಬಸ್ಸಿಳಿದಾಗ ಎದುರಿಗೆ ಸಿಕ್ಕವರೊಬ್ಬರು ನನ್ನ ಗಂಡನನ್ನು, "ಎಷ್ಟನೇ ಜ್ವರ?" ಎಂದು ಕೇಳಿದರು. ಮನೆಯಲ್ಲಿ ಯಾರಿಗೋ ಹುಷಾರಿಲ್ಲವೆಂದು ನಾನು ಹೆದರಿದೆ. ಹುಳ ಗೂಡು ಕಟ್ಟುವ ಮೊದಲು ನಾಲ್ಕು ಸಲ ತಿನ್ನುವುದು ಬಿಟ್ಟು, ತಲೆಯೆತ್ತಿ ನಿದ್ದೆ ಮಾಡಿ, ಪೊರೆ ಬಿಡುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ಇದನ್ನು ನನಗೆ ಹೇಳಿಕೊಟ್ಟವಳು ಅಕ್ಕ. ನನ್ನ ಹೆದರಿಕೆಯ ಕತೆ ಕೇಳಿ ಅವಳು ಒಂದು ವಾರ ನಕ್ಕಳು.

"ಓದಿದೋಳು ಬಂದವ್ಳೆ," ಎಂದಳು. "ಹುಳಕ್ಕೂ ಒಸಿ ಅ ಆ ಇ ಈ ಕಲಿಸ್ಬುಡು ಕಣಮ್ಮಿ."

ಅವಳಿಗೆ ಓದು ಬರುತ್ತಿರಲಿಲ್ಲ. ಆದರೆ ಹುಳದ ವಿಷಯದಲ್ಲಿ ಅವಳ ಕೈಗುಣವನ್ನು ಸುತ್ತಲ ನಾಲ್ಕು ಊರಿನವರು ಒಪ್ಪುತ್ತಿದ್ದರು. ಬಿದಿರು ತಟ್ಟೆಯಲ್ಲಿ ಹುಳ ಮೇಯುತ್ತಿದ್ದರೆ ನಾವೆಲ್ಲ ಮೇಲಿನಿಂದ ನೋಡುತ್ತಿದ್ದೆವು. ಅವಳು ಒಂದು ಮೂಲೆಯ ಸೊಪ್ಪನ್ನು ಎತ್ತಿ ಅಡಿಯಲ್ಲಿ ನೋಡುತ್ತಿದ್ದಳು. ಕಾಯಿಲೆಯ ಹುಳ ಅಡಿಯಲ್ಲಿರುತ್ತದೆ, ಮೇಲೆ ಬರಲು ಅದಕ್ಕೆ ಶಕ್ತಿ ಇರುವುದಿಲ್ಲ ಎನ್ನುತ್ತಿದ್ದಳು. ಬೆಳಿಗ್ಗೆ ಎದ್ದು ಮುಖ ತೊಳೆದು, ಯಾರೊಂದಿಗೂ ಮಾತಾಡದೆ, ಮೊದಲು ಹುಳುಮನೆಗೆ ಹೋಗುವಳು. ಅಲ್ಲಿಂದ ಬಂದ ಮೇಲೆಯೇ ಅವಳ ಬಾಯಿಗೆ ನಗು, ತಮಾಷೆ ಎಲ್ಲ ಬರುತ್ತಿದ್ದುದು.

ಹುಳುಮನೆಗೆ ಕಟ್ಟುಪಾಡುಗಳು ಬಹಳ. ಹೊರಗಿನವರು ಒಳಗೆ ಬರುವಂತಿಲ್ಲ, ಸೂತಕದವರು ಬರುವಂತಿಲ್ಲ. ಹೆಂಗಸರು ತಿಂಗಳ ದಿನಗಳಲ್ಲಿ ಹೊಸ್ತಿಲು ದಾಟುವಂತಿಲ್ಲ, ಹಿತ್ತಲ ಜಗಲಿಯಲ್ಲಿ ಕೂರಬೇಕು. ನಾನು ವಿಜ್ಞಾನದ ಪಾಠ ಓದಿದ್ದೆನಲ್ಲ, ಇದನ್ನು ನಂಬುತ್ತಿರಲಿಲ್ಲ. ನಂಬದಿದ್ದರೂ ಮೊದಲೆರಡು ವರ್ಷ ತಪ್ಪದೆ ಹಿತ್ತಲಿಗೆ ಹೋಗಿ ಕೂತೆ. ಜಗಲಿಯ ಮೇಲೆ ಕೂತದ್ದನ್ನು ನೋಡಿದಾಗಲೆಲ್ಲ ಅತ್ತೆ, "ಈ ತಿಂಗಳೂ ಕೂತ್ಯಾ?" ಎನ್ನುತ್ತಿದ್ದರು. ಇನ್ನೂ ನನಗೆ ಮಕ್ಕಳಾಗಿರಲಿಲ್ಲ. ಆ ಮಾತಿಗೆ ನಾನು ಹೆದರುತ್ತಿದ್ದೆ.

ಆ ಸಲದ ಹುಳ ನಾಲ್ಕನೇ ಜ್ವರ ಎದ್ದು ಐದು ದಿನವಾಗಿತ್ತು. ಹುಳ ಅತಿ ಹೆಚ್ಚು ತಿನ್ನುವ ಹೊತ್ತು ಅದು. ಎಷ್ಟು ಸೊಪ್ಪು ಹಾಕಿದರೂ ಗಳಿಗೆಯಲ್ಲಿ ಬರಿಯ ನಾರು ಉಳಿಯುತ್ತದೆ. ಮೂರು ದಿನದಿಂದ ಮಳೆ ಹಿಡಿದಿತ್ತು. ಅಂದು ಬೆಳಿಗ್ಗೆ ನನಗೆ ತಿಂಗಳ ದಿನ ಬಂತು, ಲೆಕ್ಕಕ್ಕಿಂತ ಮುಂಚೆಯೇ. ಹೇಳಿದರೆ ಸೊಪ್ಪು ಹಾಕಲು ಅಕ್ಕ ಒಬ್ಬಳೇ ಉಳಿಯುತ್ತಾಳೆ ಎಂದುಕೊಂಡೆ. ಅತ್ತೆಯ ಆ ಮಾತು ನಾಲ್ಕು ದಿನ ತಡವಾಗಿ ಬರಲಿ ಎಂದೂ ಅಂದುಕೊಂಡೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಈಗ ಎಷ್ಟು ಕೆದಕಿದರೂ ಹೇಳಲಾರೆ. ಬಹಳ ವರ್ಷ ಮೊದಲನೆಯದನ್ನು ಮಾತ್ರ ನೆನಪಿಟ್ಟುಕೊಂಡಿದ್ದೆ. ಯಾರಿಗೂ ಹೇಳದೆ ಒಳಗೆ ಹೋಗಿ ಸೊಪ್ಪು ಹಾಕಿದೆ. ಮರುದಿನವೂ ಹಾಕಿದೆ.

ಮೂರನೇ ದಿನ ಹುಳ ತಟ್ಟೆಯ ಅಂಚಿನಲ್ಲಿ ಓಡಾಡತೊಡಗಿತು. ಮೈ ಊದಿ, ಹಳದಿಗೆ ತಿರುಗಿ, ಮುಟ್ಟಿದರೆ ಚರ್ಮ ಒಡೆದು ಹಾಲಿನಂಥ ನೀರು ಸೋರುತ್ತಿತ್ತು. ಹಾಲುತೊಂಡೆ ಎನ್ನುವ ರೋಗ ಅದು. ಗೂಡು ಕಟ್ಟಿಸುವ ಬಿದಿರಿನ ಚಂದ್ರಂಕಿಗಳನ್ನು ತೊಳೆದು ಗೋಡೆಗೆ ಒರಗಿಸಿದ್ದೆವು. ಅವುಗಳ ಮೇಲೆ ಬಿಡಲು ಹುಳವೇ ಉಳಿಯಲಿಲ್ಲ. ಬಾವ, ಅಂದರೆ ಅಕ್ಕನ ಗಂಡ, ಸತ್ತ ಹುಳವನ್ನು ಮಂಕರಿಯಲ್ಲಿ ತುಂಬಿಕೊಂಡು ಹೋಗಿ ಗುಂಡಿ ತೋಡಿ ಮುಚ್ಚಿ ಬಂದರು. ಬಂದವರು ಕೈಕಾಲು ತೊಳೆಯದೆ ಅಂಗಳದಲ್ಲಿ ನಿಂತು, ಇದು ಯಾರಿಂದ ಆಯಿತು ಎಂದು ಕೇಳಿದರು.

ನಮ್ಮ ಕಡೆ ಹುಳ ಕೆಟ್ಟರೆ ಮೊದಲು ಕೇಳುವ ಪ್ರಶ್ನೆಯೇ ಅದು. ಅತ್ತೆ ನಮ್ಮಿಬ್ಬರನ್ನೂ ಹುಳುಮನೆಯ ಹೊಸ್ತಿಲ ಹೊರಗೆ ಕೂರಿಸಿ, ಮಧ್ಯೆ ಒಂದು ಖಾಲಿ ತಟ್ಟೆ ಇಟ್ಟು, ಅದರಲ್ಲಿ ದೀಪ ಹಚ್ಚಿದರು. ತಟ್ಟೆ ಮುಟ್ಟಿ ನಿಜ ಹೇಳಬೇಕು. ಹಿರಿಯವಳಾದ್ದರಿಂದ ಮೊದಲು ಅಕ್ಕನ ಸರದಿ. ಅವಳ ದಿನಗಳು ಹಿಂದಿನ ವಾರವಷ್ಟೇ ಕಳೆದಿದ್ದವು. ತಟ್ಟೆಯ ಮೇಲೆ ಕೈಯಿಟ್ಟು ಹೇಳಿದಳು.

"ನಾಕನೇ ದಿನ ತಲೆ ಮೇಲೆ ನೀರುಯ್ಕಂಡು ಒಳಕ್ಕೆ ಬಂದಿವ್ನಿ. ಯಾವಾಗ್ಲೂ ನಾಕೇ ದಿನ ಅಲ್ವ ಅತ್ತೆ."

"ಹುಳಕ್ಕೆ ಐದು ದಿನ," ಎಂದರು ಅತ್ತೆ.

ಹುಳಕ್ಕೆ ಐದು ದಿನ ಎಂಬ ಮಾತನ್ನು ಆ ಮನೆಯಲ್ಲಿ ಅದಕ್ಕೂ ಮೊದಲು ನಾನು ಕೇಳಿರಲಿಲ್ಲ. ಅಕ್ಕನೂ ಕೇಳಿರಲಿಲ್ಲ. ಆದರೆ ಅಷ್ಟು ಸಾಕಾಯಿತು. ಎಲ್ಲರಿಗೂ ಒಂದು ಕಾರಣ ಬೇಕಿತ್ತು, ಸಿಕ್ಕಿತು. ಇನ್ನು ಮೇಲೆ ಹುಳುಮನೆಗೆ ಕಾಲಿಡಬೇಡ ಎಂದು ಬಾವ ಹೇಳಿದರು. ಅತ್ತೆ ದೀಪ ಆರಿಸಿ ತಟ್ಟೆ ಎತ್ತಿಕೊಂಡರು. ನನ್ನ ಸರದಿ ಬರಲೇ ಇಲ್ಲ. ತಟ್ಟೆ ಮುಟ್ಟಲು ಚಾಚಿದ್ದ ಕೈಯನ್ನು ಹಿಂದಕ್ಕೆಳೆದು ಸೆರಗಿನಲ್ಲಿ ಸುತ್ತಿಕೊಂಡೆ. ಅಕ್ಕ ನನ್ನ ಮುಖವನ್ನು ಒಂದು ಸಲ ನೋಡಿದಳು. ಆಮೇಲೆ ಎದ್ದು ಹಸುಗಳಿಗೆ ಹುಲ್ಲು ಹಾಕಲು ಹೋದಳು.

ಮರುದಿನ ರೇಷ್ಮೆ ಇಲಾಖೆಯವರೊಬ್ಬರು ಬಂದು ನೋಡಿದರು. ಹಿಂದಿನ ಬೆಳೆ ಇಳಿಸಿದ ಮೇಲೆ ರೋಗಾಣು ಸಾಯಲು ಮನೆಗೆ ಫಾರ್ಮಲಿನ್ ಹೊಡೆದು ಒಂದು ವಾರ ಖಾಲಿ ಬಿಡಬೇಕಿತ್ತು, ಬಿಟ್ಟಿಲ್ಲ. ಮಳೆಯಲ್ಲಿ ನೆನೆದ ಸೊಪ್ಪು ಹಾಕಿದ್ದೀರಿ, ಕಿಟಕಿ ಮುಚ್ಚಿದ್ದೀರಿ, ಹುಳಕ್ಕೆ ಗಾಳಿಯಿಲ್ಲ. ಹೀಗೆ ಒಂದೊಂದಾಗಿ ಹೇಳಿ ಹೋದರು. ನನಗೆ ಎದೆಯ ಭಾರ ಇಳಿದಂತಾಯಿತು. ನಾನು ಕಾರಣವಲ್ಲ ಎಂದು ಸರ್ಕಾರದವರೇ ಹೇಳಿದಂತಾಯಿತಲ್ಲ. ಆದರೆ ಅವರ ಮಾತಿನ ಪ್ರಕಾರ ಅಕ್ಕನೂ ಕಾರಣವಲ್ಲ. ಅದನ್ನು ಅಂಗಳದಲ್ಲಿ ಒಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಅವರು ಕಲಿತ ಪಾಠ ಒಪ್ಪಿಸಿ ಹೋಗುತ್ತಾರೆ, ನಮ್ಮ ಮನೆಯ ವಿಷಯ ನಮಗೆ ಗೊತ್ತಿಲ್ಲವೇ ಎಂದರು ಅತ್ತೆ. ಬಾವ ತಲೆ ತಗ್ಗಿಸಿಕೊಂಡು ತೋಟದ ಕಡೆ ಹೋದರು. ಓದಿದವಳು ನಾನೊಬ್ಬಳಿದ್ದೆ, ನಾನೂ ಬಾಯಿ ಬಿಡಲಿಲ್ಲ.

ಮುಂದಿನ ಹುಳ ನನ್ನ ಕೈಗೆ ಬಂತು. ಈ ಸಲ ಮನೆ ತೊಳೆದು, ಫಾರ್ಮಲಿನ್ ಹೊಡೆದು, ವಾರ ಬಿಟ್ಟು ಮೊಟ್ಟೆ ತಂದಿದ್ದರು. ಬೆಳೆ ಚೆನ್ನಾಗಿ ಆಯಿತು. ಕಿರಿಸೊಸೆ ಕೈಗುಣ ಎಂದು ಅತ್ತೆ ಊರೆಲ್ಲ ಹೇಳಿಕೊಂಡು ಬಂದರು. ನನಗೆ ಹಿಗ್ಗಾಯಿತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಿಗ್ಗಿದ್ದು ನಿಜ. ಗೂಡನ್ನು ರಾಮನಗರದ ಮಾರುಕಟ್ಟೆಗೆ ಹಾಕಿ ಬಂದ ಬಾವ ಇಬ್ಬರಿಗೂ ಸೀರೆ ತಂದರು. ನನ್ನದಕ್ಕೆ ಜರಿಯಂಚು ಇತ್ತು. ಅಕ್ಕ ಎರಡನ್ನೂ ಬಿಡಿಸಿ ನೋಡಿ, ಮಡಿಸಿಟ್ಟಳು.

"ಹುಳ ಮೇಯಿಸ್ದೋಳಿಗೆ ಜರಿ, ಸಗಣಿ ಬಾಚ್ದೋಳಿಗೆ ನೂಲು. ನ್ಯಾಯವಾಗೇ ಐತೆ ಬುಡು."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಮೇಲೆ ಅವಳ ಕೆಲಸ ದನ, ಸಗಣಿ, ತೋಟದಲ್ಲಿ ಸೊಪ್ಪು ಕೀಳುವುದು. ಸೊಪ್ಪಿನ ಮಂಕರಿ ಹೊತ್ತು ತಂದು ಹುಳುಮನೆಯ ಹೊಸ್ತಿಲ ಹೊರಗೆ ಇಳಿಸಿ, ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತಿದ್ದಳು. ನಾಲ್ಕನೇ ಜ್ವರ ಎದ್ದ ಹುಳ ಸೊಪ್ಪು ತಿನ್ನುವಾಗ ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದಂತೆ ಸದ್ದಾಗುತ್ತದೆ. ಆ ಸದ್ದನ್ನು ಕೇಳುತ್ತ ನಿಂತವಳು ಹೊರಗಿನಿಂದಲೇ, ಬಲಗಡೆ ಮೂಲೆಯ ತಟ್ಟೆಗೆ ಸೊಪ್ಪು ಸಾಲದು ನೋಡು ಎನ್ನುವಳು. ಹೋಗಿ ನೋಡಿದರೆ ಹಾಗೇ ಇರುತ್ತಿತ್ತು. ಹೀಗೆ ಎಷ್ಟೋ ಬೆಳೆ ಅವಳ ಕಿವಿಯಿಂದ ಉಳಿಯಿತು. ಹೆಸರು ನನಗೆ ಬಂತು.

ಒಂದು ಸಲ ಎಲ್ಲರೂ ನೆಂಟರ ಮದುವೆಗೆ ಎಂದು ಊರು ಬಿಟ್ಟಿದ್ದರು. ಮನೆಯಲ್ಲಿ ನಾವಿಬ್ಬರೇ. ಹೊಸ ಮರಿಹುಳ ಮೊದಲ ಜ್ವರದಲ್ಲಿತ್ತು. ಅಕ್ಕ, ಒಳಗೆ ಬಾ, ಯಾರು ನೋಡುತ್ತಾರೆ ಎಂದು ಕರೆದೆ. ಅವಳು ಬರಲಿಲ್ಲ.

"ಕದ್ದು ಬರಕೆ ನಾನೇನು ಕಳ್ಳಿಯಾ? ಬರಬ್ಯಾಡ ಅಂದೋರೇ ಬಾ ಅನ್ಲಿ, ಆಗ ಬತ್ತೀನಿ."

ಅವಳಿಗೆ ಬೇಕಾಗಿದ್ದು ಆ ಮನೆಯ ನಾಲ್ಕು ಗೋಡೆಯಲ್ಲ, ಹೋದ ಹೆಸರು ಎಂದು ನನಗೆ ಅಂದೇ ಅರ್ಥವಾಗಿತ್ತು. ಅದನ್ನು ವಾಪಸು ಕೊಡಿಸಲು ನನ್ನ ಒಂದು ಮಾತು ಸಾಕಿತ್ತು. ತಟ್ಟೆ ಮುಟ್ಟಬೇಕಾದವಳು ನಾನು ಎಂದರೆ ಮುಗಿಯುತ್ತಿತ್ತು. ಬದಲಿಗೆ ಕದ್ದು ಕರೆದೆ. ಕರೆದೆನಲ್ಲ ಎಂದು ಎಷ್ಟೋ ದಿನ ಸಮಾಧಾನ ಪಟ್ಟುಕೊಂಡೆ.

ವರ್ಷಗಳು ಹೋದವು. ನನಗೆ ಎರಡು ಮಕ್ಕಳಾದವು. ಎರಡು ಬಾಣಂತನಕ್ಕೂ ನೀರು ಹುಯ್ದವಳು ಅಕ್ಕ. ಅವಳ ಮಗಳನ್ನು ನಾನು ಎತ್ತಿ ಆಡಿಸಿದೆ. ಆ ಹುಡುಗಿ ಐದಾರು ವರ್ಷದವಳಿದ್ದಾಗ ಯಾವುದೋ ಜಗಳದಲ್ಲಿ ಅತ್ತೆ ಅವಳ ಎದುರಿಗೇ ನಿಮ್ಮಮ್ಮ ಹುಳ ಕೊಂದವಳು ಎಂದರು. ನಾನು ಅಲ್ಲೇ ರಾಗಿ ಕೇರುತ್ತಿದ್ದೆ. ಮೊರ ನಿಲ್ಲಿಸಲಿಲ್ಲ. ಮುಂದೆ ಆಸ್ತಿ ಪಾಲಾಯಿತು. ಅಕ್ಕ ಬಾವ ಬೇಲಿಯಾಚೆ ಮನೆ ಕಟ್ಟಿಕೊಂಡರು. ಬಾವ ರೇಷ್ಮೆ ಬಿಟ್ಟು ಹಸು ಕಟ್ಟಿ ಡೇರಿಗೆ ಹಾಲು ಹಾಕತೊಡಗಿದರು. ಅಕ್ಕ ಮತ್ತೆ ಹುಳ ಮುಟ್ಟಲಿಲ್ಲ. ಅತ್ತೆ ತೀರಿಕೊಂಡರು. ಅತ್ತೆಯ ಭಯದಿಂದಲೇ ಹೇಳಿಲ್ಲ ಎಂದು ಅಲ್ಲಿಯವರೆಗೆ ಅಂದುಕೊಂಡಿದ್ದೆ. ಅತ್ತೆಯೂ ಹೋದ ಮೇಲೆ ಭಯಕ್ಕೆ ಕಾರಣವೇ ಉಳಿಯಲಿಲ್ಲ. ಆಗಲೂ ಹೇಳಲಿಲ್ಲ.

ಅಕ್ಕನಿಗೆ ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾದಾಗ ತಡವಾಗಿತ್ತು. ಕನಕಪುರದ ಆಸ್ಪತ್ರೆಯಲ್ಲಿ ಮಲಗಿಸಿದ್ದರು. ನಾನು ದಿನ ಬಿಟ್ಟು ದಿನ ಬಸ್ಸಿನಲ್ಲಿ ಗಂಜಿ ತೆಗೆದುಕೊಂಡು ಹೋಗುತ್ತಿದ್ದೆ. ಒಂದು ಮಧ್ಯಾಹ್ನ ವಾರ್ಡಿನಲ್ಲಿ ಹೆಚ್ಚು ಜನರಿರಲಿಲ್ಲ. ಇವತ್ತು ಹೇಳಿಬಿಡಬೇಕು ಎಂದು ಬಸ್ಸಿನಲ್ಲಿ ಕೂತಾಗಲೇ ಮಾತು ಜೋಡಿಸಿಕೊಂಡಿದ್ದೆ. ಗಂಜಿ ಕುಡಿಸಿ, ಬಾಯೊರೆಸಿ, ಶುರು ಮಾಡಿದೆ. ಅಕ್ಕ, ಆ ಸಲ ಹುಳ ಕೆಟ್ಟಿತ್ತಲ್ಲ, ಅದು ನಿನ್ನಿಂದ ಆಗಿದ್ದಲ್ಲ ಅಂದೆ. ಇಲಾಖೆಯವರು ಹೇಳಿದ್ದನ್ನು ಹೇಳಿದೆ. ನೆಂದ ಸೊಪ್ಪು, ಗಾಳಿಯಿಲ್ಲದ ಮನೆ, ಹಾಲುತೊಂಡೆ ಯಾಕೆ ಬರುತ್ತದೆ ಎಂಬುದನ್ನೆಲ್ಲ ಹೇಳಿದೆ. ಹೆಂಗಸರ ದಿನಕ್ಕೂ ಹುಳಕ್ಕೂ ಸಂಬಂಧವೇ ಇಲ್ಲ ಎಂದೂ ಹೇಳಿದೆ. ಅವಳು ಚಾವಣಿ ನೋಡುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

"ಹುಳ ಯಾಕೆ ಸತ್ತೋ ಅಂತ ನಾನ್ಯಾವತ್ತೂ ಕೇಳ್ನಿಲ್ಲ ಕಣಮ್ಮಿ," ಎಂದಳು.

ಅವಳು ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಹೇಳಿದಳು.

"ಆ ವಾರ ಹಿತ್ತಲ ಸೂರಿನ ಗಳದ ಮ್ಯಾಲೆ, ಸೀರೆ ಮರೇಲಿ ಮುಟ್ಟಿನ ಬಟ್ಟೆ ಒಣಾಕಿದ್ದೆ ನೀನು. ನಾನು ನೋಡಿದ್ದೆ. ನೀನೇ ಯೋಳ್ತೀಯ ಅಂತ ಕಾದೆ."

ನನ್ನ ಕೈಯಲ್ಲಿ ಗಂಜಿಯ ಲೋಟ ಇತ್ತು. ಆಗಲಾದರೂ ಹೇಳಬಹುದಿತ್ತು. ಅವಳಿಗೆ ಗೊತ್ತಿದ್ದರೂ ನನ್ನ ಬಾಯಿಂದ ಅದು ಬರಬೇಕಿತ್ತು, ಅದಕ್ಕೇ ಅವಳು ಕಾದದ್ದು. ಹೌದು ಅಕ್ಕ, ನಾನು ಒಳಗೆ ಹೋಗಿದ್ದೆ, ನಿನ್ನನ್ನು ಹೊರಗೆ ಹಾಕುವಾಗ ನೋಡುತ್ತ ಕೂತಿದ್ದೆ. ಇಷ್ಟೇ ಮಾತು. ನಾನು ಲೋಟ ತೊಳೆದು ತರುತ್ತೇನೆ ಎಂದು ಎದ್ದು ನಲ್ಲಿಯ ಹತ್ತಿರ ಹೋದೆ. ಬಹಳ ಹೊತ್ತು ತೊಳೆದೆ. ಬಂದಾಗ ಅವಳಿಗೆ ನಿದ್ದೆ ಹತ್ತಿತ್ತು. ನಾಳಿದ್ದು ಬಂದು ಹೇಳೋಣ ಎಂದು ಬಸ್ಸು ಹತ್ತಿದೆ. ಒಂದು ದಿನ ಬಿಟ್ಟು ಹೋದಾಗ ಅವಳಿಗೆ ಜ್ಞಾನವಿರಲಿಲ್ಲ. ಮತ್ತೆ ಬರಲೂ ಇಲ್ಲ.

ಮೇಡಂ ಹೇಳಿದಂತೆ ಬೆಳಿಗ್ಗೆ ಕೂತಾಗ ಮೊದಮೊದಲು ನಾನು ಆ ಹುಳುಮನೆಯ ದಿನವನ್ನೇ ನೋಡುತ್ತಿದ್ದೆ. ಈಗ ಹೆಚ್ಚು ನೋಡುವುದು ನಲ್ಲಿಯ ಹತ್ತಿರ ನಿಂತದ್ದನ್ನು. ಹುಳುಮನೆಯ ಮುಂದೆ ಸುಮ್ಮನಿದ್ದವಳು ಇಪ್ಪತ್ತರ ಹುಡುಗಿ. ಅವಳಿಗೆ ಹೆದರಿಕೆ ಇತ್ತು. ನಲ್ಲಿಯ ಹತ್ತಿರ ನಿಂತವಳು ಮೊಮ್ಮಕ್ಕಳನ್ನು ಕಂಡವಳು. ಅವಳನ್ನು ಹೆದರಿಸುವವರು ಯಾರೂ ಇರಲಿಲ್ಲ. ನನ್ನ ಬಗ್ಗೆ ನನಗಿದ್ದ ಒಳ್ಳೆಯ ಅಭಿಪ್ರಾಯವೊಂದನ್ನು ಉಳಿಸಿಕೊಳ್ಳಲು ಅವಳು ನೀರು ಬಿಟ್ಟುಕೊಂಡು ನಿಂತಿದ್ದಳು. ಇದನ್ನು ನನ್ನೆದುರು ನಾನು ಒಪ್ಪಿಕೊಳ್ಳಲು ಎಷ್ಟೋ ಬೆಳಿಗ್ಗೆಗಳು ಬೇಕಾದವು. ಒಪ್ಪಿಕೊಂಡ ಮೇಲೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ. ನನಗೆ ಹಾಗೇನೂ ಆಗಲಿಲ್ಲ. ಸುಮ್ಮನೆ ಕೂರಲು ಆಗದಂತೆ ಆಯಿತು.

ಆರು ತಿಂಗಳ ಹಿಂದೆ ಅಕ್ಕನ ಮಗಳು ಊರಿಗೆ ಬಂದಿದ್ದ ಒಂದು ಭಾನುವಾರ ಬೇಲಿ ದಾಟಿ ಹೋದೆ. ಬಾವ ಜಗಲಿಯಲ್ಲಿ ಹಸುವಿನ ಹಗ್ಗ ಹೊಸೆಯುತ್ತಿದ್ದರು. ನಿಂತುಕೊಂಡೇ ಅವರಿಗೆ ಎಲ್ಲವನ್ನೂ ಹೇಳಿದೆ. ವಿಜ್ಞಾನ ಹೇಳಲಿಲ್ಲ. ನಾನು ಹೋಗಿದ್ದೆ, ನಾನು ಬಾಯಿ ಬಿಡಲಿಲ್ಲ, ಅಕ್ಕನಿಗೆ ಗೊತ್ತಿತ್ತು ಎಂದೆ. ಬಾವ ಹೊಸೆಯುವುದನ್ನು ನಿಲ್ಲಿಸಿದರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಫಾರ್ಮಲಿನ್ ತಂದಿದ್ದೆ," ಎಂದರು. "ಹೊಡುದ್ರೆ ಒಂದ್ವಾರ ಮನೆ ಖಾಲಿ ಬುಡಬೇಕಾಯ್ತದೆ, ಒಂದು ಬೆಳೆ ಹಿಂದುಳೀತದೆ ಅಂತ ನಾನೇ ಹೊಡೀನಿಲ್ಲ."

ಅಕ್ಕನಿಗೆ ಅದು ಗೊತ್ತಿತ್ತೇ ಎಂದು ಕೇಳಿದೆ.

"ಮುಚ್ಚಳ ತೆಗೀದೆ ಇದ್ದ ಕ್ಯಾನ ಅಟ್ಟದ ಮ್ಯಾಲೆ ಎತ್ತಿಟ್ಟೋಳೆ ಅವ್ಳು. ತಟ್ಟೆ ಮುಟ್ದಾಗ್ಲೂ ಅದರ ಸುದ್ದಿ ಎತ್ನಿಲ್ಲ."

ಇಬ್ಬರೂ ಒಬ್ಬಳ ಹಿಂದೆಯೇ ಅಡಗಿದ್ದೆವು. ಅವಳಿಗೆ ಎರಡೂ ಕಡೆ ಕಾಣುತ್ತಿತ್ತು. ಬಾವ ಮಗಳನ್ನು ಕೂಗಿ ಹೊರಗೆ ಕರೆದು, ಅವಳ ಮುಂದೆ ಇನ್ನೊಂದು ಸಲ ಹೇಳು ಎಂದರು. ಹೇಳಿದೆ. ಆಮೇಲೆ ಅವರೂ ಹೇಳಿದರು, ನೆಲ ನೋಡಿಕೊಂಡು, ಮಾತು ಮಾತಿಗೂ ನಿಲ್ಲಿಸಿ. ಅವಳು ಕಂಬಕ್ಕೆ ಒರಗಿ ಕೇಳಿಸಿಕೊಂಡಳು. ಅವಳಿಗೆ ಈಗ ನಲವತ್ತರ ಹತ್ತಿರ. ಅವರಮ್ಮನ ಹಾಗೆಯೇ ಮುಖದಲ್ಲಿ ಬೇಗ ಏನನ್ನೂ ತೋರಿಸುವುದಿಲ್ಲ. ನಮ್ಮಿಬ್ಬರ ಮಾತು ಮುಗಿದ ಮೇಲೆ ಹೇಳಿದಳು.

"ಅವ್ವ ಇದ್ದಿದ್ರೆ ಇಷ್ಟೊತ್ಗೆ ನಿಮ್ಮಿಬ್ರಿಗೂ ಕಾಪಿ ಕಾಯ್ಸಿ ಕೊಟ್ಬುಟ್ಟಿರೋಳು. ನನ್ ಕೈಲಿ ಆಗಾಕಿಲ್ಲ ಚಿಕ್ಕವ್ವ."

ಅಷ್ಟು ಹೇಳಿ ಒಳಗೆ ಹೋದಳು.

ಅಂದಿನಿಂದ ಅವಳು ಊರಿಗೆ ಬಂದರೂ ನಮ್ಮ ಮನೆಗೆ ಬರುವುದಿಲ್ಲ. ಬಸ್ಸಿಳಿದು ನಮ್ಮ ಬಾಗಿಲ ಮುಂದೆಯೇ ಹಾದು ಹೋಗುತ್ತಾಳೆ. ಮೊದಲಾಗಿದ್ದರೆ ನೊಂದುಕೊಳ್ಳುತ್ತಿದ್ದೆ. ಎತ್ತಿ ಆಡಿಸಿದವಳು ನಾನು, ಒಪ್ಪಿಕೊಂಡಿದ್ದೂ ಆಯಿತಲ್ಲ, ಇನ್ನೇನು ಮಾಡಬೇಕು ಎಂದು ನನ್ನ ಪರವಾಗಿ ವಾದ ಹೂಡುತ್ತಿದ್ದೆ. ಈಗಲೂ ಆ ವಾದ ಬೆಳಿಗ್ಗೆ ಕೂತಾಗ ಬಾಯಿಗೆ ಬರುತ್ತದೆ. ಬಂದದ್ದು ಗೊತ್ತಾಗುತ್ತದೆ. ಅದನ್ನು ಮುಗಿಸಲು ಬಿಡದೆ ಎದ್ದು ಕೆಲಸಕ್ಕೆ ಹೋಗುತ್ತೇನೆ.